ಅಣ್ಣನ ಬಲಭುಜದ ಹಿಂದೆ

ನಾನು ಅಜ್ಜಿಯಾದೆ. ಮೊದಲು ಇದನ್ನು ಹೇಳಿಬಿಡಬೇಕು, ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ಆಗ್ತಿಲ್ಲ. ನನ್ನ ಮಗಳಿಗೆ ಹೆಣ್ಣುಮಗು. ಪೊಳ್ಳಾಚಿ ಆಸ್ಪತ್ರೆಯಲ್ಲಿ ಹುಟ್ಟಿ, ಶುಕ್ರವಾರ ಬೆಳಿಗ್ಗೆ ನೆಗಮಂನ ನಮ್ಮ ಮನೆಗೆ ಬಂತು. ಆರತಿ ಎತ್ತೋ ಆತುರಕ್ಕೆ ಕೆಂಪು ನೀರು ಅರ್ಧ ನನ್ನ ಸೀರೆಗೇ ಚೆಲ್ಲಿತು. ಬೀದಿಯಲ್ಲಿ ಹೋಗ್ತಿದ್ದ ಮೊಸರಿನವಳನ್ನು ನಿಲ್ಲಿಸಿ ಮಗೂನ ತೋರಿಸಿದೆ. ಪಕ್ಕದ ಮನೆಯವರ ಮಗ್ಗ ನಿಲ್ಲಿಸಿ ಕರೆದೆ. ಹಿತ್ತಲಿಗೆ ಹೋಗಿ ಎಮ್ಮೆಗೂ ಹೇಳಿ ಬಂದೆ, ಸುಳ್ಳಲ್ಲ.

ತಲೆತುಂಬ ಕೂದಲು. ಮೂಗು ನಮ್ಮ ಕಡೆಯದು. ಬಾಯಿ ಬೀಗರ ಕಡೆಯದು, ಅದಕ್ಕೆ ನಾನೇನು ಮಾಡೋಕಾಗುತ್ತೆ. ಆದರೆ ಕೈ! ಎರಡು ಮುಷ್ಟಿಯನ್ನೂ ಬಿಗಿಹಿಡಿದು, ಎಡಗೈ ಮುಂದೆ ಚಾಚಿ, ಬಲಗೈಯನ್ನು ಗದ್ದದ ಕೆಳಗೆ ಇಟ್ಟುಕೊಂಡು ಮಲಗುತ್ತೆ. ಎಲ್ಲ ಮಕ್ಕಳೂ ಹಾಗೇ ಮಲಗೋದು ಅಂದಳು ಆಸ್ಪತ್ರೆಯ ನರ್ಸಮ್ಮ. ಇರಬಹುದು. ಎಲ್ಲ ಮಕ್ಕಳ ಮನೆಯಲ್ಲೂ ನನ್ನ ಅಣ್ಣನಂಥವನು ಇರೋದಿಲ್ಲವಲ್ಲ.

ನಾನು ಓದಿದ್ದು ಕಡಿಮೆ. ಶಾಲೆಯಲ್ಲಿ ಕಲಿತದ್ದು ತಮಿಳು, ಅದೂ ಐದನೇ ತರಗತಿಗೆ ನಿಂತಿತು. ಈ ಕನ್ನಡ ಅಕ್ಷರ ಅಪ್ಪ ಮಗ್ಗದ ಪಕ್ಕ ಕೂರಿಸಿಕೊಂಡು ಕಲಿಸಿದ್ದು. ಬರೆಯುವಾಗ ತಪ್ಪಿದರೆ ನೀವೇ ತಿದ್ದಿ ಓದಿಕೊಳ್ಳಿ.

ನಮ್ಮ ಕಡೆ ಒಂದು ಪದ್ಧತಿ ಇದೆ, ಸೇನೈ ಇಡೋದು ಅಂತಾರೆ. ಹುಟ್ಟಿದ ಮಗುವಿನ ನಾಲಿಗೆ ಮೇಲೆ ಬೆರಳಿಂದ ಮೊದಲ ತೊಟ್ಟನ್ನು ಯಾರು ಇಡ್ತಾರೋ, ಮಗು ಅವರ ಹಾಗೆ ಆಗುತ್ತಂತೆ. ನಡೆ, ನುಡಿ, ಸಿಟ್ಟು, ಕೈಗುಣ ಎಲ್ಲ ಆ ತೊಟ್ಟಿನಲ್ಲೇ ಇಳಿಯುತ್ತೆ. ಆದ್ದರಿಂದ ಸಿಕ್ಕವರ ಕೈಯಲ್ಲಿ ಇಡಿಸೋದಿಲ್ಲ. ಕುಟುಂಬದಲ್ಲಿ ದೊಡ್ಡ ಮನುಷ್ಯರು ಯಾರು ಅಂತ ಹುಡುಕಿ, ಅವರ ಬೆರಳಿಂದ ಇಡಿಸೋದು. ಜೇನು, ಸಕ್ಕರೆನೀರು ಏನೂ ಕೊಡಬಾರದು, ತಾಯಿಹಾಲು ಮಾತ್ರ ಅಂತ ನರ್ಸಮ್ಮ ಕಣ್ಣು ಬಿಟ್ಟು ಹೇಳಿದ್ದಳು. ಸರಿ, ತಾಯಿಹಾಲಿನದೇ ಒಂದು ತೊಟ್ಟು ಇಡೋಣ ಅಂದೆ. ಆಸ್ಪತ್ರೆಯಲ್ಲಿ ಮಗು ತಾಯಿಯ ಎದೆಹಾಲು ಕುಡೀಲಿ, ಬೆರಳಿನ ತೊಟ್ಟು ಮಾತ್ರ ಮನೆಗೆ ಬಂದ ಮೇಲೇ ಇಡೋಣ ಅಂತ ತಡೆದಿದ್ದೂ ನಾನೇ.

ಯಾಕೆ ತಡೆದೆ ಅಂದರೆ, ಆ ತೊಟ್ಟನ್ನು ನನ್ನ ಅಣ್ಣ ಇಡಬೇಕು ಅಂತ ನನ್ನ ಆಸೆ. ಅವನು ಆಸ್ಪತ್ರೆಗೆ ಬರೋದಿಲ್ಲ. ಅಲ್ಲಿ ಕುರ್ಚಿಗಳೆಲ್ಲ ನಡುಮಧ್ಯೆ ಇರುತ್ತವೆ.

ಬೀಗರು ಆನೈಮಲೈನವರು, ತೆಂಗಿನಕಾಯಿ ವ್ಯಾಪಾರ. ಮಗುವಿನ ತಂದೆಯ ತಂದೆ. ತೊಟ್ಟು ತಾವೇ ಇಡಬೇಕು ಅಂತ ಅವರಿಗೂ ಆಸೆ ಇತ್ತು, ಇರಬಾರದು ಅನ್ನೋಕೆ ಆಗುತ್ತಾ? ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು, ಅವರೂರ ಮಾಸಾಣಿಯಮ್ಮನ ಗುಡಿಯ ಕುಂಕುಮ, ಒಂದು ಚೀಲ ಎಳನೀರು ಹೊತ್ತುಕೊಂಡು ಅವತ್ತೇ ಹತ್ತು ಗಂಟೆಗೆಲ್ಲ ಬಂದರು. ಬಂದವರು ಕಾಲು ತೊಳೆದು, ಮಗು ನೋಡಿ, ಜಗಲಿಯಲ್ಲಿ ಕೂತು ನೇರವಾಗಿ ಮಾತು ತೆಗೆದರು. ನನ್ನ ಆಸೆಯನ್ನ ನನ್ನ ಮಗಳು ಮೊದಲೇ ಗಂಡನ ಕಿವಿಯಲ್ಲಿ ಹಾಕಿದ್ದಳು, ಅವನು ಅಪ್ಪನ ಕಿವಿಗೆ.

ನಿಮ್ಮಣ್ಣ ಬಾಕ್ಸಿಂಗಿನಲ್ಲಿ ಚಾಂಪಿಯನ್ ಆಗಿದ್ದರು, ಕೇಳಿದೀನಿ ಅಂದರು. ಆದರೆ ಜನರನ್ನು ಗುದ್ದಿ ಬೀಳಿಸೋದು ದೊಡ್ಡತನ ಹೇಗಾಗುತ್ತೆ, ಅದೂ ಹೆಣ್ಣುಮಗೂಗೆ ಆ ಗುಣ ಯಾಕೆ, ನಾಳೆ ಗಂಡನ ಮನೆಯವರ ಹಲ್ಲು ಉದುರಿಸಿದರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ ಅಂತ ನಕ್ಕರು. ನಗು ಮುಗಿದ ಮೇಲೆ ದನಿ ತಗ್ಗಿಸಿ, "ಬೀಗಿತ್ತಿಯವರೇ, ತಪ್ಪು ತಿಳೀಬೇಡಿ. ಅವರ ಹಿಂದೆ ಏನೋ ಇದೆ ಅಂತಾರಲ್ಲ ಊರಲ್ಲಿ?" ಅಂದರು.

ಇದೆ ಅನ್ನಬೇಕು, ಇಲ್ಲದಿದ್ದರೆ ಸುಳ್ಳಾಗುತ್ತೆ.

ಅಣ್ಣನ ದೊಡ್ಡತನವನ್ನು ಅಳೆಯೋಕೆ ನನ್ನ ಹತ್ತಿರ ಏನಿದೆ? ಅವನು ಗೆದ್ದ ಕಪ್‌ಗಳಿವೆ. ಒಂದರಲ್ಲಿ ನೂಲು ಸುತ್ತಿದ ಕಂಡಿಕೆ ಹಾಕಿಡ್ತೀನಿ, ಒಂದರಲ್ಲಿ ಕಲ್ಲುಪ್ಪು. ಹಿಡಿ ಮುರಿದದ್ದೊಂದನ್ನು ಅಪ್ಪ ಹಾಸಿನ ನೂಲು ಬಿಗಿಯಾಗಿರಲಿ ಅಂತ ಮಗ್ಗಕ್ಕೆ ತೂಕ ಕಟ್ಟಿದ್ದರು, ಈಗಲೂ ಅಲ್ಲೇ ತೂಗ್ತಾ ಇದೆ. ಅಣ್ಣ ಹುಡುಗನಾಗಿದ್ದಾಗಲೇ ಕೊಯಮತ್ತೂರಿನ ಒಂದು ಮಿಲ್ಲಿಗೆ ಕೆಲಸಕ್ಕೆ ಹೋದ. ಅಲ್ಲಿ ಹತ್ತಿಮೂಟೆ ಇಡೋ ಶೆಡ್ಡಿನಲ್ಲಿ ಪಾಳಿ ಮುಗಿಸಿದವರು ಬಾಕ್ಸಿಂಗ್ ಕಲೀತಿದ್ದರು. ಇವನೂ ಸೇರಿದ. ಕೆಲವೇ ವರ್ಷದಲ್ಲಿ ಮಿಲ್ಲುಗಳ ನಡುವೆ ಇವನನ್ನು ಹೊಡೆಯೋರೇ ಇರಲಿಲ್ಲ, ಆಮೇಲೆ ರಾಜ್ಯದಲ್ಲೇ ಇರಲಿಲ್ಲ ಅಂತಾರೆ. ಟೀ ಅಂಗಡಿಯಲ್ಲಿ ಕೂರೋ ಹಳೇ ಮಿಲ್ ಜನ ಇವತ್ತಿಗೂ ಇದೇ ವಿಷಯಕ್ಕೆ ಜಗಳ ಆಡ್ತಾರೆ. ಅವನಂಥವನು ಮತ್ತೆ ಹುಟ್ಟಲಿಲ್ಲ, ಅವನ ಎಡಗೈ ಬರೋದು ಕಾಣ್ತಲೇ ಇರಲಿಲ್ಲ ಅಂತ ಒಬ್ಬ. ಗೆಲ್ಲೋ ಆಟ ಬಿಟ್ಟು ಬಂದವನು ಎಂಥ ದೊಡ್ಡವನು ಅಂತ ಇನ್ನೊಬ್ಬ.

ಆ ಬಿಟ್ಟು ಬಂದ ಆಟ ನಾನು ನೋಡಿದೀನಿ. ನಾನು ನೋಡಿದ್ದು ಅದೊಂದೇ.

ಆಗ ನನಗೆ ಮದುವೆ ಆಗಿರಲಿಲ್ಲ. ಅಪ್ಪನ ಜೊತೆ ಅಣ್ಣನಿಗೆ ಬುತ್ತಿ ತೆಗೆದುಕೊಂಡು ಕೊಯಮತ್ತೂರಿಗೆ ಹೋಗಿದ್ದೆ. ಮಿಲ್ಲಿನ ಪಕ್ಕದ ಬಯಲಲ್ಲಿ ತಗಡು ಕಟ್ಟಿ ರಿಂಗ್ ಹಾಕಿದ್ದರು. ಅಷ್ಟು ಜನರಲ್ಲಿ ಹೆಣ್ಣು ನಾನೊಬ್ಬಳೇ ಅಂತ ಕಾಣುತ್ತೆ. ಅಪ್ಪ ಅಣ್ಣನ ಮುಖ ನೋಡಲಿಲ್ಲ, ಕಾಲು ನೋಡ್ತಿದ್ದರು. ಮಗ್ಗ ತುಳಿಯೋ ಕಾಲು ಅದು, ಎಡ ಬಲ ಎಡ ಬಲ, ಒಂದಿಷ್ಟೂ ತಪ್ಪೋದಿಲ್ಲ. ಎದುರಿಗಿದ್ದವನು ವೆಳ್ಳಕೋಯಿಲ್ ಕಡೆಯವನು, ತೆಳ್ಳಗೆ, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ.

ಕೊನೆಯ ರೌಂಡಿನಲ್ಲಿ ಅಣ್ಣನ ಎಡಗೈ ಅವನ ಕಪಾಲಕ್ಕೆ ಬಿತ್ತು. ಆ ಹುಡುಗ ಬೀಳಲಿಲ್ಲ. ನಿಂತೇ ಇದ್ದ, ಕೈ ಎತ್ತಿಕೊಂಡೇ ಇದ್ದ, ತುಟಿಯಲ್ಲಿ ಸಣ್ಣ ನಗು ಕೂಡ ಇತ್ತು. ಜನ ಹೊಡಿ ಹೊಡಿ ಅಂತ ಕೂಗ್ತಿದ್ದಾರೆ. ಅಣ್ಣ ಹೊಡೆಯಲಿಲ್ಲ. ಕೈ ಕೆಳಗಿಳಿಸಿ, ನಿಧಾನವಾಗಿ ತನ್ನ ಬಲಭುಜದ ಮೇಲಿಂದ ಹಿಂದಕ್ಕೆ ನೋಡಿದ. ಅಲ್ಲಿ ಹಗ್ಗ ಬಿಟ್ಟು ಏನೂ ಇರಲಿಲ್ಲ. ರೆಫ್ರಿ ಆಡು ಅಂತ ಗದರಿಸಿದ. ಅಣ್ಣ ಆ ಹುಡುಗನ ಕೈ ಹಿಡಿದು, ಕುರುಡರನ್ನು ನಡೆಸಿದ ಹಾಗೆ ನಡೆಸಿಕೊಂಡು ಹೋಗಿ ಅವನ ಮೂಲೆಯ ಸ್ಟೂಲಿನ ಮೇಲೆ ಕೂರಿಸಿ, ರಿಂಗಿನಿಂದ ಇಳಿದುಬಿಟ್ಟ. ಸೋತ ಅಂತ ಬರೆದುಕೊಂಡರು.

ಬಸ್ಸಿನಲ್ಲಿ ನಾನು ಕೇಳಿದೆ, ಯಾಕಣ್ಣಾ ಅಂತ.

"ಎದುರಿಗೆ ಬರೀ ಮೈ ನಿಂತಿತ್ತು. ಅವನು ಈಚೆ ಬಂದು ನನ್ನ ಹಿಂದೆ ನಿಂತಿದ್ದ. ಉಸಿರು ಕತ್ತಿಗೆ ತಾಕ್ತಿತ್ತು. ಖಾಲಿ ಮೈಯನ್ನ ಹೇಗೆ ಹೊಡೀಲಿ?" ಅಂದ. ಸ್ವಲ್ಪ ಹೊತ್ತಾದ ಮೇಲೆ, "ಈಗಲೂ ತಾಕ್ತಿದೆ," ಅಂದ.

ಆ ಹುಡುಗ ಸಾಯಲಿಲ್ಲ. ಅರ್ಧ ಗಂಟೆಗೆಲ್ಲ ಎದ್ದು ಸೋಡಾ ಕುಡಿದು, ಅವರ ಊರಿಗೆ ಬಸ್ ಹತ್ತಿದನಂತೆ. ಆಮೇಲೆ ವೆಳ್ಳಕೋಯಿಲ್ ಸಂತೆಯಲ್ಲಿ ಬಟ್ಟೆ ಅಂಗಡಿ ಇಟ್ಟ, ಮದುವೆ ಆದ, ಮಕ್ಕಳಾದವು. ಎಲ್ಲ ಸರಿ ಇತ್ತು. ಆದರೆ ಹಿಂದೆ ಬಂದು ನಿಂತದ್ದು ಇತ್ತಲ್ಲ, ಅದು ನಮ್ಮ ಜೊತೆ ನೆಗಮಂಗೆ ಬಂತು.

ಅಣ್ಣ ಮತ್ತೆ ಮಿಲ್ಲಿಗೆ ಹೋಗಲಿಲ್ಲ. ಮನೆಯಲ್ಲಿ ನೆಲದ ಗುಳಿಗೆ ಕಾಲು ಇಳಿಬಿಟ್ಟು ನೇಯೋ ಮಗ್ಗ ಎರಡು ಇದ್ದವು. ಗೋಡೆಗೆ ಬೆನ್ನು ತಾಗೋ ಹಾಗಿರೋ ಮಗ್ಗ ಕೊಡಿ ಅಂತ ಅಪ್ಪನನ್ನು ಕೇಳಿದ. ಅವತ್ತಿಂದ ಅವನು ಬೆನ್ನಿಗೆ ಗೋಡೆ ಇಲ್ಲದೆ ಕೂತದ್ದು ನಾನು ನೋಡಿಲ್ಲ. ಊಟಕ್ಕೂ ಗೋಡೆ, ದೇವಸ್ಥಾನದಲ್ಲೂ ಕಂಬ. ಮದುವೆ ಬೇಡ ಅಂದ. ನನ್ನ ಯಜಮಾನರು ಹೋದ ಮೇಲೆ ನನ್ನನ್ನೂ ಮಗಳನ್ನೂ ನೋಡಿಕೊಂಡವನು ಅವನೇ, ಅದೇ ಗೋಡೆಗೆ ಒರಗಿ ಸೀರೆ ನೇಯ್ದು. ಈಗ ಕೈ ನಡುಗುತ್ತೆ. ಕೆಲವು ದಿನ ನನ್ನನ್ನೇ ಅಮ್ಮಾ ಅಂತ ಕರೀತಾನೆ. ತಲೆಗೆ ಬಿದ್ದ ಹಳೇ ಪೆಟ್ಟುಗಳು ಈಗ ಕಾಣಿಸ್ಕೊಳ್ತಿವೆ ಅಂದರು ಡಾಕ್ಟರು. ಅದೂ ನಿಜವೇ ಇರಬೇಕು.

ಆದರೆ ಡಾಕ್ಟರು ನಮ್ಮ ಮನೆಯಲ್ಲಿ ಇರಲಿಲ್ಲವಲ್ಲ. ಮಟಮಟ ಮಧ್ಯಾಹ್ನ, ಬೀದಿಯ ಮಗ್ಗಗಳೆಲ್ಲ ಊಟಕ್ಕೆ ನಿಂತಾಗ, ಅಣ್ಣನ ಕೋಣೆಯಿಂದ ಎರಡು ಉಸಿರು ಕೇಳುತ್ತೆ. ಒಂದು ಅವನದು, ಮುದುಕರ ಉಸಿರು, ಎಳೆದೆಳೆದು. ಇನ್ನೊಂದು ಓಡಿ ಬಂದ ಹುಡುಗರದ್ದು. ಕಾಫಿ ಕೊಡೋಕೆ ಅವನ ಬಲಗಡೆಯಿಂದ ಬಗ್ಗಿದರೆ, ಭುಜದ ಹಿಂದೆ ಒಂದು ಗೇಣು ಜಾಗದಲ್ಲಿ ತಣ್ಣಗೆ ಇರುತ್ತೆ, ಬಾವಿಯ ಬಾಯಿಗೆ ಕೈ ಚಾಚಿದ ಹಾಗೆ. ಕಡುಬೇಸಿಗೆಯ ಕತ್ತರಿ ಬಿಸಿಲಲ್ಲೂ ಹಾಗೇ. ಬೀದಿ ನಾಯಿಗಳು ಅವನ ಮುಂದೆ ಬಾಲ ಅಲ್ಲಾಡಿಸ್ತವೆ, ಹಿಂದೆ ಹಾದು ಹೋಗಲ್ಲ. ಮಗಳ ಮದುವೆ ಫೋಟೋದಲ್ಲಿ ಎಲ್ಲರೂ ಒತ್ತೊತ್ತಾಗಿ ನಿಂತಿದೀವಿ, ಅಣ್ಣನ ಹಿಂದೆ ಮಾತ್ರ ಒಬ್ಬ ಆಳು ನಿಲ್ಲೋವಷ್ಟು ಜಾಗ ಬಿಟ್ಟಿದೆ. ಬಿಡಿ ಅಂತ ಯಾರೂ ಹೇಳಿರಲಿಲ್ಲ. ಫೋಟೋ ಬಂದ ಮೇಲೇ ನಮಗೆ ಕಂಡದ್ದು.

ಕೆಲವು ವರ್ಷದ ಹಿಂದೆ ಆ ವೆಳ್ಳಕೋಯಿಲಿನವನು ನಮ್ಮ ಮನೆಗೆ ಬಂದಿದ್ದ. ಬಿಳಿ ಕೂದಲು, ಕೈಯಲ್ಲಿ ಬಾಳೆಹಣ್ಣು. ಯಾರು ಅಂತ ನನಗೆ ಗೊತ್ತಾಗಲಿಲ್ಲ, ಅಣ್ಣ ನೋಡಿದ ಕೂಡಲೇ ಎದ್ದು ನಿಂತ. ಇಬ್ಬರೂ ಜಗಲಿಯಲ್ಲಿ ಎದುರುಬದುರು ಕೂತರು, ಅಣ್ಣ ಗೋಡೆಗೆ. ಬಂದವನು ಅಣ್ಣನ ಮುಖ ನೋಡ್ತಿರಲಿಲ್ಲ, ಬಲಭುಜದ ಆಚೆ, ಗೋಡೆಯನ್ನು ನೋಡ್ತಿದ್ದ. ಕಣ್ಣಲ್ಲಿ ನೀರು ಬಂದಿತ್ತು.

"ಕರ್ಕೊಂಡು ಹೋಗ್ತೀಯಾ?" ಅಂತ ಅಣ್ಣ ತಮಿಳಿನಲ್ಲಿ ಕೇಳಿದ.

"ಬೇಡ. ನನಗೆ ವಯಸ್ಸಾಯ್ತು. ಅದಿನ್ನೂ ಚಿಕ್ಕದು," ಅಂದ ಅವನು.

ಹೊರಡುವಾಗ ನನಗೆ ಕೈ ಮುಗಿದು, ಚೆನ್ನಾಗಿ ನೋಡ್ಕೊಂಡಿದೀರಮ್ಮಾ ಅಂದ. ಅಣ್ಣನ ವಿಷಯ ಹೇಳ್ತಿದಾನೆ ಅಂದುಕೊಂಡೆ. ಲೋಟ ಎತ್ತಿಕೊಂಡು ಒಳಗೆ ಹೋಗುವಾಗ ಅರ್ಥ ಆಗಿ, ತಿರುಗಿ ಅಣ್ಣನ ಹಿಂದಿನ ಗೋಡೆ ನೋಡಿದೆ. ಮುಂದಿನ ವರ್ಷ ಅವನು ತೀರಿಕೊಂಡ ಸುದ್ದಿ ಬಂತು. ಅವತ್ತು ಅಣ್ಣ ಊಟ ಮಾಡಲಿಲ್ಲ. ಆದರೆ ಮಧ್ಯಾಹ್ನದ ಆ ಎರಡನೇ ಉಸಿರು ನಿಲ್ಲಲಿಲ್ಲ.

ಇಷ್ಟನ್ನೂ ನಾನು ಶುಕ್ರವಾರ ಬೀಗರಿಗೆ ಹೇಳಿದೆ. ಮುಚ್ಚಿಟ್ಟು ಸೇನೈ ಇಡಿಸೋದು ಸರಿಯಲ್ಲ ಅನ್ನಿಸಿತು. ಬೀಗಿತ್ತಿ ಸೆರಗಿನ ತುದಿ ಬಾಯಿಗೆ ಇಟ್ಟುಕೊಂಡು ಕೇಳಿದರು. ಅಳಿಯ ಮಾತ್ರ ಬಾಗಿಲಲ್ಲಿ ನಿಂತು ಮೊಬೈಲ್ ನೋಡೋ ಹಾಗೆ ಮಾಡ್ತಿದ್ದ, ಬೆರಳು ಅಲ್ಲಾಡ್ತಿರಲಿಲ್ಲ. ಒಳಕೋಣೆಯಿಂದ ನನ್ನ ಮಗಳು, "ನನಗೆ ಮಾವ ಅಂದರೆ ಭಯ ಇಲ್ಲ. ಮಾವನ ಹಿಂದೆ ಇರೋದು ಅಂದರೆ ಭಯ," ಅಂತ ಹೇಳಿದಳು. ಅಣ್ಣ ಅವಳಿಗೆ ಸೋದರಮಾವ, ಅವನ ಮಡಿಲಲ್ಲೇ ಬೆಳೆದವಳು. ಅವಳ ಬಾಯಿಂದ ಆ ಮಾತು ಬಂದಾಗ ನನ್ನ ಆಸೆ ಅರ್ಧ ಅಲ್ಲೇ ಸತ್ತಿತು. ಬೀಗರಿಗೇ ಬಿಟ್ಟುಕೊಡೋಣ, ಒಳ್ಳೆ ಮನುಷ್ಯರು, ನಗಿಸ್ತಾರೆ, ಯಾರಿಗೂ ಕೇಡು ಬಗೆದವರಲ್ಲ ಅಂತ ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ.

ಅಣ್ಣ ಮಗ್ಗದ ಕೋಣೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ. ನಿಧಾನವಾಗಿ ಗೋಡೆ ಸವರಿಕೊಂಡೇ ನಡುಮನೆಗೆ ಬಂದು, ಗೋಡೆಗೆ ಒರಗಿ ಕೂತ. ಅವತ್ತು ಅವನಿಗೆ ನೆನಪು ಚೆನ್ನಾಗಿತ್ತು. ಬೀಗರು ಗಂಟಲು ಸರಿ ಮಾಡಿಕೊಂಡು, ಹಿರಿಯರು, ನೀವೇ ಹೇಳಿ, ನೀವು ಮಾಡಿದ ದೊಡ್ಡ ಕೆಲಸ ಯಾವುದು ಅಂತ ಕೇಳಿದರು. ನಾನಾಗಿದ್ದರೆ ಕಪ್‌ಗಳನ್ನೆಲ್ಲ ತಂದು ಮುಂದೆ ಜೋಡಿಸ್ತಿದ್ದೆ, ಉಪ್ಪು ಸಮೇತ.

ಅಣ್ಣ ತನ್ನ ನಡುಗೋ ಕೈಗಳನ್ನೇ ನೋಡಿಕೊಂಡ.

"ಹೊಡೆದೆ. ಹೊಡೆಸ್ಕೊಂಡೆ. ಒಂದು ಸಲ ನಿಲ್ಲಿಸಿದೆ," ಅಂದ.

ಬೀಗರು ಎಳನೀರಿನ ಚೀಲದ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು. ಆಮೇಲೆ ತಮ್ಮ ಹೊಟ್ಟೆ ಸವರಿಕೊಂಡು, "ನಾನು ಜೀವಮಾನದಲ್ಲಿ ಯಾರನ್ನೂ ಹೊಡೆದಿಲ್ಲ ನೋಡಿ. ಅದಕ್ಕೆ ನಿಲ್ಲಿಸೋ ಅವಕಾಶವೇ ಬರಲಿಲ್ಲ. ನಿಮ್ಮದೇ ಮೇಲು, ನೀವೇ ಇಡಿ," ಅಂದರು. ಇಷ್ಟು ಹೇಳಿ ಸ್ವಲ್ಪ ದೂರ ಸರಿದು ಕೂತರು. ಅವರಿಗೂ ಆ ತಣ್ಣಗಿನದು ತಾಕಿರಬೇಕು.

ನಿಲ್ಲಿಸಿದೆ ಅಂತ ಅಣ್ಣ ಅಂದದ್ದು ಒಳಗೆ ಕೇಳಿಸಿತ್ತೇನೋ, ಮಗಳೇ ಎದ್ದು, ಮಗೂಗೆ ಹಾಲು ಕುಡಿಸೋ ಬೆಳ್ಳಿ ಒಳಲೆಯಲ್ಲಿ ತನ್ನ ಹಾಲಿನ ತೊಟ್ಟು ಹಿಡಿದು, ಮಗೂನ ಮಡಿಲಲ್ಲಿ ಇಟ್ಟುಕೊಂಡು ಅವನೆದುರು ಬಂದು ಕೂತಳು. ಅಣ್ಣ ಕೈ ತೊಳೆದುಕೊಂಡು ಬಂದ. ಬಲಗೈಯ ಕಿರುಬೆರಳನ್ನು ಒಳಲೆಗೆ ಅದ್ದಿದ. ಬೆರಳು ನಡುಗ್ತಾ ಇತ್ತು, ಹಾಲಿನ ತೊಟ್ಟೂ ನಡುಗ್ತಾ ಇತ್ತು, ನಾವೆಲ್ಲ ಅದನ್ನೇ ನೋಡ್ತಿದ್ವಿ. ಆ ಹೊತ್ತಿಗೇ ಅಡುಗೆಮನೆಯಲ್ಲಿ ತಪ್ಪಲೆಯ ಮುಚ್ಚಳ ಜಾರಿ ಢಣ್ ಅಂತ ಬಿತ್ತು.

ಅಣ್ಣನ ಎಡಗೈ ಎದ್ದುಬಿಟ್ಟಿತು. ಎಪ್ಪತ್ತು ದಾಟಿದವನ ಕೈ ಅದು, ಎದ್ದದ್ದು ನನ್ನ ಕಣ್ಣಿಗೆ ಕಾಣಲೇ ಇಲ್ಲ, ಎದ್ದು ನಿಂತ ಮೇಲೇ ಕಂಡದ್ದು. ಬೀಗಿತ್ತಿ ಅಯ್ಯೋ ಅಂದರು. ಕೈ ಯಾರನ್ನೂ ಹೊಡೆಯಲಿಲ್ಲ. ಮಗುವಿಗೂ ಅಡುಗೆಮನೆಯ ಬಾಗಿಲಿಗೂ ನಡುವೆ ಬಾಗಿಲ ಚಿಲಕದ ಹಾಗೆ ಅಡ್ಡ ನಿಂತಿತ್ತು. ಅದು ಮಾತ್ರ ನಡುಗ್ತಿರಲಿಲ್ಲ. ಬಲಗೈ ನಡುಗ್ತಾನೇ ಮುಂದೆ ಹೋಗಿ, ಮಗುವಿನ ತುಟಿ ಬಿಡಿಸಿ ನಾಲಿಗೆಗೆ ತೊಟ್ಟು ಇಟ್ಟಿತು.

ಮಗು ಚಪ್ಪರಿಸಿತು. ಕಣ್ಣು ಬಿಟ್ಟಿತು. ಅಷ್ಟು ಚಿಕ್ಕ ಮಕ್ಕಳಿಗೆ ಕಣ್ಣು ನಿಲ್ಲೋದಿಲ್ಲ ಅಂತಾರೆ, ಇದರ ಕಣ್ಣು ನಿಂತಿತು. ಅಮ್ಮನ ಮೇಲೆ ಅಲ್ಲ, ಅಣ್ಣನ ಮೇಲೂ ಅಲ್ಲ. ಅಣ್ಣನ ಬಲಭುಜದ ಹಿಂದೆ, ಸುಣ್ಣದ ಗೋಡೆಯ ಮೇಲೆ. ಆಮೇಲೆ ಆ ಕಣ್ಣು ಮೆಲ್ಲಗೆ ಬಲಕ್ಕೆ ಸರಿಯಿತು, ಇನ್ನಷ್ಟು ಸರಿಯಿತು, ಯಾರೋ ಗೋಡೆ ಬಿಟ್ಟು ನಡೆದು ಬರೋದನ್ನು ನೋಡೋ ಹಾಗೆ. ಸರಿದು ಸರಿದು ನನ್ನ ಮಗಳ ತಲೆಯ ಹಿಂದೆ ಬಂದು ನಿಂತಿತು.

"ಕಂಡುಬಿಟ್ಟಳು," ಅಂದ ಅಣ್ಣ. ಎಡಗೈ ಕೆಳಗಿಳಿಯಿತು.

ಮಗೂನ ಎತ್ತಿಕೊಂಡುಬಿಡೋಣ ಅಂತ ಕೈ ಚಾಚಿದೆ, ಇಲ್ಲ ಅನ್ನಲ್ಲ. ಆದರೆ ಮಗು ಅಳಲಿಲ್ಲ. ಮುಷ್ಟಿ ಬಿಚ್ಚಿತು. ಹುಟ್ಟಿದಾಗಿನಿಂದ ಬಿಗಿಹಿಡಿದಿದ್ದ ಮುಷ್ಟಿಯನ್ನು ಹೂವಿನ ಹಾಗೆ ಬಿಚ್ಚಿ, ನಿದ್ದೆ ಹೋಯಿತು. ನನ್ನ ಮಗಳು ತನ್ನ ಕತ್ತಿನ ಹಿಂಭಾಗವನ್ನು ಒಂದು ಸಲ ಮುಟ್ಟಿಕೊಂಡಳು. ಏನಾಯ್ತು ಅಂತ ಕೇಳಿದೆ. ತಂಪಾಗಿದೆ, ಅಷ್ಟೇ, ಚೆನ್ನಾಗಿದೆ ಅಂದಳು.

ಸಂಜೆ ನಾನೇ ಅಡುಗೆ ಮಾಡಿದೆ. ಬೀಗಿತ್ತಿ ತೆಂಗಿನಕಾಯಿ ತುರಿದರು, ಬಾಯಿಗೆ ಹಾಕಿಕೊಂಡದ್ದು ಎಷ್ಟೋ ಪಾತ್ರೆಗೆ ಹಾಕಿದ್ದೂ ಅಷ್ಟೇ. ಬಾಣಂತಿಗೆ ಬೇರೆಯಾಗಿ ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ. ದೀಪ ಹಚ್ಚಿ ನಡುಮನೆಯಲ್ಲಿ ಎಲೆ ಹಾಕಿದೆ. ಅಣ್ಣನ ಎಲೆಯನ್ನು ದಿನದ ಹಾಗೆ ಗೋಡೆ ಪಕ್ಕ ಹಾಕಿದೆ. ಅವನು ಬಂದ, ಎಲೆ ನೋಡಿದ, ಬಗ್ಗಿ ಅದನ್ನು ಎತ್ತಿಕೊಂಡು ನಡುಮನೆಯ ನಟ್ಟನಡುವೆ, ಬೀಗರ ಪಕ್ಕ ಹಾಕಿಕೊಂಡು ಕೂತ. ಅವನ ಹಿಂದೆ ಗೋಡೆ ಇಲ್ಲ, ಕಂಬ ಇಲ್ಲ, ತೆರೆದ ಬಾಗಿಲು ಮಾತ್ರ.

ನಾನು ಪಾಯಸದ ಸೌಟು ಹಿಡಿದು ಅವನ ಬಲಗಡೆಯಿಂದ ಬಗ್ಗಿದೆ. ಭುಜದ ಹಿಂದೆ ಕೈ ಹೋಯಿತು. ಬೆಚ್ಚಗಿತ್ತು. ಮನೆಯ ಎಲ್ಲ ಕಡೆ ಇರೋ ಸೆಕೆಯೇ ಅಲ್ಲೂ ಇತ್ತು.

ಇನ್ನೊಂದು ಸೌಟು ಹಾಕು, ಯಾಕೆ ನಿಂತುಬಿಟ್ಟೆ ಅಂತ ಅಣ್ಣ ಕೇಳಿದ. ಬೀಗರು ನನಗೂ ಹಾಕಿ, ಚಾಂಪಿಯನ್ನಿಗೇ ಎಲ್ಲ ಸುರೀಬೇಡಿ ಅಂದರು. ಅಳಿಯ ನಕ್ಕ. ಒಳಕೋಣೆಯ ಬಾಗಿಲಲ್ಲಿ ನನ್ನ ಮಗಳು ಕೂತು ಸಾರನ್ನ ಕಲಸ್ತಿದ್ದಳು, ಪಕ್ಕದಲ್ಲಿ ನಾನೇ ನೇಯ್ದ ಹಳೇ ನೂಲುಸೀರೆಯ ಮೇಲೆ ಮಗು. ಎಚ್ಚರವಾಗಿತ್ತು. ಯಾರೂ ಇಲ್ಲದ ಕಡೆ, ತನ್ನ ತಲೆಯ ಹಿಂದಕ್ಕೆ, ಮೇಲಕ್ಕೆ ನೋಡ್ತಾ ಬಾಯಿ ಅರಳಿಸ್ತಿತ್ತು. ಬೀದಿ ನಾಯಿಯೊಂದು ಹೊಸಿಲ ತನಕ ಬಂದು, ಅಣ್ಣನ ಬೆನ್ನಿಗೆ ಮೂಗು ತಾಗಿಸಿ, ಮಗುವಿನ ಕಡೆ ಒಮ್ಮೆ ನೋಡಿ ಅಲ್ಲೇ ಮಲಗಿತು.

ನಾನೂ ಎಲೆ ಹಾಕಿಕೊಂಡು ಕೂತೆ, ಮಗುವಿಗೆ ಹತ್ತಿರವಾಗಿ. ಅದರ ಕಡೆಯಿಂದ ತಣ್ಣನೆ ಗಾಳಿ ತೋಳಿಗೆ ತಾಕ್ತಾ ಇತ್ತು. ಒಂದು ತುತ್ತು ಪಾಯಸ ಬಾಯಿಗೆ ಇಟ್ಟುಕೊಂಡೆ. ಎಲ್ಲರೂ ಉಣ್ತಾ ಇದ್ದರು.